ಹೆಬ್ಬಾಗಿಲ ಹಲಗೆ

ಕಾರ್ಖಾನೆಯ ಹೆಬ್ಬಾಗಿಲಲ್ಲಿ ತೂಗುವ ಕಾನೂನಿನ ಹಲಗೆಯನ್ನು ನಿಂತು ಓದಿದವರು ಎಷ್ಟು ಮಂದಿ? ಆದರೂ ಅದಕ್ಕೊಂದು ಚರಿತ್ರೆಯುಂಟು. ಇಂಗ್ಲೆಂಡಿನ ಬಟ್ಟೆಗಿರಣಿಗಳಲ್ಲಿ ಒಡೆಯನ ಗಡಿಯಾರ ಬೆಳಿಗ್ಗೆ ಮುಂದೋಡಿ ಸಂಜೆ ಹಿಂದೆ ಬೀಳುವುದೆಂಬ ದೂರಿದ್ದಿತು. 1844ರ ಶಾಸನವು ದುಡಿಮೆಯ ಹೊತ್ತನ್ನು ಜನರ ಕಣ್ಣಿಗೆ ಬೀಳುವ ಗಡಿಯಾರದಿಂದಲೇ ಅಳೆಯಬೇಕೆಂದೂ, ಆ ಹೊತ್ತನ್ನು ಅಚ್ಚುಹಾಕಿಸಿ ತೂಗುಹಾಕಬೇಕೆಂದೂ ವಿಧಿಸಿತು.

ನಮ್ಮಲ್ಲಿ 1948ರ ಕಾರ್ಖಾನೆಗಳ ಕಾಯಿದೆಯ 108ನೆಯ ಪ್ರಕರಣ, ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದಿತು. ಬಾಗಿಲ ಬಳಿ ಎದ್ದು ಕಾಣಬೇಕು, ಶುಚಿಯಾಗಿರಬೇಕು, ಓದಲು ಬರಬೇಕು. 'ತಿಳಿಯುವ' ಭಾಷೆ ಎಂದಿತೇ ಹೊರತು 'ಓದಬಲ್ಲ' ಭಾಷೆ ಎನ್ನಲಿಲ್ಲ, ನೋಡಿ. 1951ರ ಜನಗಣತಿಯಂತೆ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಹಲಗೆಯಿದ್ದರೂ ಗಟ್ಟಿಯಾಗಿ ಓದಿ ಹೇಳುವ ಸಂಗಾತಿ ಬೇಕಾಗಿತ್ತು. ಬಹುಪಾಲಿನವರ ಭಾಷೆಯನ್ನರಿಯದವನ ಪಾಡಂತೂ ಈ ಪ್ರಕರಣದ ಕಣ್ಣಿಗೆ ಬೀಳಲಿಲ್ಲ.

ಕನ್ನಡ ಮೇಷ್ಟರ ತಕರಾರು ಇನ್ನೊಂದು. ದಿನಕ್ಕೆ 9 ಗಂಟೆ ಮೀರಿ ದುಡಿದರೆ ಎರಡರಷ್ಟು ಕೂಲಿಯೆಂದು ಅದೇ ಕಾಯಿದೆ ಹೇಳಿತು. ಅದನ್ನು ಹಲಗೆಯ ಮೇಲೆ 'ಅಧಿಕಾವಧಿ ವೇತನ' ಎಂದು ಬರೆದರೆ ಲಿಪಿಯೇನೋ ಕನ್ನಡವೇ. 'ಓಟಿ' ಎಂದು ದಿನವೂ ಆಡುವವನು ಮಾತ್ರ, ತನ್ನದೇ ಹಕ್ಕಿನ ಮುಂದೆ ನಿಂತು, ಇದು ಯಾರಿಗೋ ಬರೆದದ್ದೆಂದು ಒಳಗೆ ನಡೆದುಬಿಡುತ್ತಾನೆ.