ಕಿಟ್ಟೆಲ್ ಎಂದರೆ ಅಂಗಿ

ಕನ್ನಡ ನಿಘಂಟು ಎಂದೊಡನೆ ನೆನಪಿಗೆ ಬರುವ ಹೆಸರು ಕಿಟ್ಟೆಲ್. ಆ ಹೆಸರಿಗೂ ಒಂದು ಅರ್ಥವಿರಬಹುದೆಂದು ಜರ್ಮನಿಗೆ ಬರುವವರೆಗೆ ನಾವು ಯೋಚಿಸಿರಲಿಲ್ಲ. ಇಲ್ಲಿ ಆಸ್ಪತ್ರೆಗೆ ಸೇರಿದ ಮೊದಲ ದಿನ ಹಿರಿಯ ಸಿಸ್ಟರ್ ಒಬ್ಬರು, "ಡಾಕ್ಟರೇ, ನಿಮ್ಮ ಕಿಟ್ಟೆಲ್ ಬೀರುವಿನಲ್ಲಿದೆ" ಎಂದರು. ಧಾರವಾಡದ ಕಾಲೇಜು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ದಪ್ಪ ನಿಘಂಟು, ಎಲ್ಲ ಕಣ್ಣ ಮುಂದೆ ಬಂದವು. ಬೀರು ತೆರೆದರೆ ಇಸ್ತ್ರಿ ಮಾಡಿದ ಬಿಳಿ ಕೋಟು!

ಜರ್ಮನ್ ಭಾಷೆಯಲ್ಲಿ ಕಿಟ್ಟೆಲ್ ಎಂದರೆ ಉಟ್ಟ ಬಟ್ಟೆಯ ಮೇಲೆ ತೊಡುವ ಸಡಿಲವಾದ ಅಂಗಿ. ಹಿಂದೆ ರೈತರೂ ಕೂಲಿಗಳೂ ಅಗಸೆನಾರಿನ ಇಂಥ ಅಂಗಿ ತೊಡುತ್ತಿದ್ದರು. ಅದನ್ನು ಹೊಲಿಯುವವನನ್ನೋ, ಸದಾ ಅದರಲ್ಲೇ ಇರುವವನನ್ನೋ ಊರವರು ಹಾಗೆ ಕರೆದರು. ಅದೇ ಮನೆತನದ ಹೆಸರಾಗಿ ನಿಂತಿತು. ಧಾರವಾಡದ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ ಎಂಬ ಅಡ್ಡಹೆಸರುಗಳಿಲ್ಲವೇ, ಹಾಗೆಯೇ. ಪದದ ಬೇರನ್ನು ಕೆಲವು ವಿದ್ವಾಂಸರು ಹತ್ತಿ ಎಂಬರ್ಥದ ಅರಬ್ಬಿ 'ಕುತ್ನ್'ವರೆಗೂ ಒಯ್ಯುತ್ತಾರೆ, ಎಲ್ಲರೂ ಒಪ್ಪುವುದಿಲ್ಲ. ಯಹೂದಿಗಳು ಯೋಮ್ ಕಿಪ್ಪುರ್ ಉಪವಾಸದ ದಿನ ತೊಡುವ ಬಿಳಿ ಅಂಗಿಗೂ ಇದೇ ಹೆಸರು.

ಮ್ಯುಲರ್, ಶ್ಮಿಟ್‌ಗಳಂತೆ ಬೀದಿಗೊಬ್ಬರು ಸಿಗುವ ಹೆಸರಲ್ಲ ಇದು. ಉತ್ತರ ಬೊಹೆಮಿಯಾದ ಬೆಟ್ಟಗಳಲ್ಲಿ 18ನೆಯ ಶತಮಾನದಲ್ಲಿ ಡಾಕ್ಟರ್ ಕಿಟ್ಟೆಲ್ ಎಂಬ ವೈದ್ಯನಿದ್ದ. ಅವನ ಕೈಗುಣ ಎಷ್ಟು ಚೆನ್ನಾಗಿತ್ತೆಂದರೆ, ಸೈತಾನನಿಗೆ ಆತ್ಮ ಮಾರಿಕೊಂಡಿದ್ದಾನೆಂದು ಜನ ಕಥೆ ಕಟ್ಟಿದರು. ನಮ್ಮ ಮೇಲೆ ಈವರೆಗೆ ಅಂಥ ಅಪವಾದ ಬಂದಿಲ್ಲ!

ನಮ್ಮ ಫರ್ಡಿನಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಉತ್ತರ ಸಮುದ್ರದ ಕಡೆಯ ಓಸ್ಟ್‌ಫ್ರೀಸ್‌ಲಾಂಡ್ ಸೀಮೆಯ ರೆಸ್ಟರ್‌ಹಾಫೆಯಲ್ಲಿ, ಪಾದ್ರಿಯ ಮಗನಾಗಿ. ಆ ಸೀಮೆಯ ಹಳೆಯ ಪದ್ಧತಿ ಕೇಳಿ ನಮಗೆ ಆಶ್ಚರ್ಯವಾಯಿತು. ಅಲ್ಲಿ ಮನೆತನದ ಹೆಸರೇ ಇರಲಿಲ್ಲ. ಅಪ್ಪನ ಹೆಸರೇ ಮಕ್ಕಳ ಎರಡನೆಯ ಹೆಸರು, ಯಾನ್‌ನ ಮಗ ಯಾನ್ಸೆನ್. ತಲೆಮಾರು ಬದಲಾದರೆ ಹೆಸರೂ ಬದಲು. 1811ರಲ್ಲಿ, ಸೀಮೆ ಫ್ರೆಂಚರ ಕೈಯಲ್ಲಿದ್ದಾಗ, ಎಲ್ಲರೂ ಸ್ಥಿರವಾದ ಕುಟುಂಬನಾಮ ಇಟ್ಟುಕೊಳ್ಳಬೇಕೆಂದು ನೆಪೋಲಿಯನ್ನನ ಆಜ್ಞೆಯಾಯಿತು. ಜನ ಬಹುಕಾಲ ಅದಕ್ಕೆ ಸರಿಯಾಗಿ ಕಿವಿಗೊಡಲಿಲ್ಲವಂತೆ.

ನಮಗೆ ಕಿವಿಗೊಡದೆ ಉಪಾಯವಿರಲಿಲ್ಲ. ಹಳೆ ಮೈಸೂರು ಸೀಮೆಯ ನಮಗಿದ್ದದ್ದು ಒಂದು ಇನಿಷಿಯಲ್ ಮಾತ್ರ. ಇಲ್ಲಿನ ಕಚೇರಿಯೊಂದರ ಗುಮಾಸ್ತೆ, ಕುಟುಂಬನಾಮದ ಅಂಕಣ ಖಾಲಿ ಬಿಡುವಂತಿಲ್ಲವೆಂದು, ನಮ್ಮ ತಂದೆಯ ಹೆಸರನ್ನೇ ಬಿಡಿಸಿ ಬರೆದರು. ಮಕ್ಕಳಿಗೂ ತಾತನ ಹೆಸರೇ ಖಾಯಮ್ಮಾಯಿತು. ಬದುಕಿದ್ದಾಗ ತಂದೆಯವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಅಮ್ಮನಂತೂ ಅವರ ಹೆಸರನ್ನು ಬಾಯಲ್ಲಿ ಆಡಿದವರೇ ಅಲ್ಲ. ಈಗ ಆಸ್ಪತ್ರೆಯ ಧ್ವನಿವರ್ಧಕದಲ್ಲಿ ದಿನಕ್ಕೆ ಹತ್ತು ಸಲ ಅದನ್ನು ಕೂಗುತ್ತಾರೆ, ಉಚ್ಚಾರ ಕೆಡಿಸಿ. ನಮ್ಮ ಕಿಟ್ಟೆಲ್ಲಿನ ಎದೆಯ ಮೇಲೆ ನೀಲಿ ದಾರದಲ್ಲಿ ಹೊಲಿದಿರುವುದೂ ಅದೇ ಹೆಸರು.