ಲತೀಫೆ ಹಾನಮ್ ಮತ್ತು ತುರ್ಕಿಯ ಮಹಿಳಾ ಪೌರಹಕ್ಕು

ತುರ್ಕಿ ಗಣರಾಜ್ಯದ ಮಹಿಳಾ ಹಕ್ಕುಗಳ ಚರಿತ್ರೆಯನ್ನು ಪ್ರಥಮ ಅಧ್ಯಕ್ಷ ಮುಸ್ತಫಾ ಕೆಮಾಲರ ಕೊಡುಗೆಯೆಂದು ನಿರೂಪಿಸುವುದು ವಾಡಿಕೆ. ಈ ನಿರೂಪಣೆಯಲ್ಲಿ ಅವರ ಪತ್ನಿ ಲತೀಫೆಯವರಿಗೆ ದೊರೆತಿರುವ ಸ್ಥಾನ ಅತ್ಯಲ್ಪ. ಆದರೆ ಹೊಸ ಕಾನೂನುಗಳು ಏಕೆ ಅಗತ್ಯವಾಗಿದ್ದವು ಎಂಬುದಕ್ಕೆ ಆಕೆಯ ಎರಡೂವರೆ ವರ್ಷಗಳ ದಾಂಪತ್ಯವೇ ಸಾಕ್ಷಿಯಾಗಿದೆ.

ಇಜ್ಮಿರಿನ ಸಿರಿವಂತ ವರ್ತಕ ಮನೆತನದ ಲತೀಫೆ ಯುರೋಪಿನಲ್ಲಿ ವ್ಯಾಸಂಗ ಮಾಡಿದ್ದರು. 1923ರ ಜನವರಿ 29ರಂದು ನಡೆದ ವಿವಾಹದಲ್ಲಿ, ಅಂದಿನ ರೂಢಿಯನ್ನು ಮೀರಿ, ವಧುವೂ ವರನೊಡನೆ ಖಾಜಿಯ ಎದುರು ಉಪಸ್ಥಿತರಿದ್ದರು. ಬಳಿಕ ಮುಖಪರದೆಯಿಲ್ಲದೆ ಪತಿಯೊಡನೆ ಅನತೋಲಿಯಾದ ಊರುಗಳಲ್ಲಿ ಸಂಚರಿಸಿದರು. ಅದೇ ವರ್ಷ ನೆಜಿಹೆ ಮುಹಿದ್ದೀನ್ ಮತ್ತು ಸಂಗಡಿಗರು ಸ್ಥಾಪಿಸಲು ಹೊರಟ ಮಹಿಳಾ ಪಕ್ಷಕ್ಕೆ ಸರ್ಕಾರದ ಅನುಮತಿ ದೊರೆಯಲಿಲ್ಲ. 1924ರ ಸಂವಿಧಾನವಂತೂ ಮತಾಧಿಕಾರವನ್ನು ಪುರುಷರಿಗಷ್ಟೇ ನೀಡಿತು. ಅಧ್ಯಕ್ಷರ ಪತ್ನಿಯೂ ಈ ನಿರ್ಬಂಧಕ್ಕೆ ಹೊರತಾಗಿರಲಿಲ್ಲ.

1925ರ ಆಗಸ್ಟ್‌ನಲ್ಲಿ ಕೆಮಾಲರು ಲತೀಫೆಯವರಿಗೆ ವಿಚ್ಛೇದನ ನೀಡಿದರು. ಅದು ಹಳೆಯ ಪದ್ಧತಿಯ, ಪತಿಯ ಏಕಪಕ್ಷೀಯ ನಿರ್ಧಾರದ ವಿಚ್ಛೇದನ. ಸುಮಾರು ಆರು ತಿಂಗಳ ತರುವಾಯ, 1926ರ ಫೆಬ್ರವರಿ 17ರಂದು, ಸ್ವಿಸ್ ಮಾದರಿಯ ನಾಗರಿಕ ಸಂಹಿತೆ ಅಂಗೀಕಾರವಾಗಿ ಬಹುಪತ್ನಿತ್ವವೂ ಇಂತಹ ವಿಚ್ಛೇದನವೂ ರದ್ದಾದವು. ಸುಧಾರಕರು ತಾವು ಅಳಿಸಲಿದ್ದ ಅಧಿಕಾರವನ್ನು ತಮ್ಮ ಮನೆಯಲ್ಲಿಯೇ ಚಲಾಯಿಸಿದ್ದರೆಂಬ ಸಂಗತಿಯನ್ನು ಚರಿತ್ರಕಾರರು ಲಘುವಾಗಿ ಕಾಣುವಂತಿಲ್ಲ. ಹೊಸ ಸಂಹಿತೆಯೂ ಸಂಪೂರ್ಣ ಸಮಾನತೆಯನ್ನು ತರಲಿಲ್ಲ. ಪತಿಯೇ ಕುಟುಂಬದ ಯಜಮಾನನೆಂಬ ವಿಧಿ 2002ರಲ್ಲಿ ಮತ್ತೊಂದು ಸಂಹಿತೆ ಜಾರಿಗೆ ಬರುವವರೆಗೂ ಉಳಿದಿತ್ತು.

ಮಹಿಳೆಯರಿಗೆ 1930ರಲ್ಲಿ ಪುರಸಭೆಗಳ, 1934ರ ಡಿಸೆಂಬರ್ 5ರಂದು ಸಂಸತ್ತಿನ ಮತಾಧಿಕಾರ ಲಭಿಸಿತು. ಫ್ರಾನ್ಸಿನ ಮಹಿಳೆಯರು ಇದಕ್ಕಾಗಿ 1944ರವರೆಗೆ ಕಾಯಬೇಕಾಯಿತು ಎಂಬುದನ್ನು ನೆನೆದರೆ ಈ ಸಾಧನೆಯ ತೂಕ ತಿಳಿದೀತು. ಆದರೂ 1924ರಿಂದ ಈ ಹಕ್ಕಿಗಾಗಿ ದನಿಯೆತ್ತಿದ್ದ ತುರ್ಕಿ ಮಹಿಳಾ ಸಂಘವು 1935ರಲ್ಲಿ, ಹಕ್ಕು ದೊರೆತ ಮೇಲೆ ಸಂಘದ ಅಗತ್ಯವಿಲ್ಲವೆಂಬ ಕಾರಣದ ಮೇಲೆ, ವಿಸರ್ಜನೆಗೊಂಡಿತು.

ಲತೀಫೆ ಮರುಮದುವೆಯಾಗಲಿಲ್ಲ, ತಮ್ಮ ದಾಂಪತ್ಯದ ಕುರಿತು ಬಹಿರಂಗವಾಗಿ ಮಾತನಾಡಲೂ ಇಲ್ಲ. 1975ರಲ್ಲಿ ಇಸ್ತಾಂಬುಲ್‌ನಲ್ಲಿ ನಿಧನರಾದರು. ತುರ್ಕಿ ಇತಿಹಾಸ ಸಂಸ್ಥೆಯ ವಶದಲ್ಲಿದ್ದ ಆಕೆಯ ಪತ್ರಗಳ ಮೇಲಿನ ನಿರ್ಬಂಧದ ಅವಧಿ 2005ರಲ್ಲಿ ಮುಗಿಯಿತು. ಕುಟುಂಬದವರ ಕೋರಿಕೆಯಂತೆ ಸಂಸ್ಥೆಯು ಅವುಗಳನ್ನು ಪ್ರಕಟಿಸದಿರಲು ತೀರ್ಮಾನಿಸಿತು.