ರಾಷ್ಟ್ರೀಯ ಕುಟುಂಬ ನೆರವು ಯೋಜನೆ: ತಿರಸ್ಕೃತ ಅರ್ಜಿಯ ವಿರುದ್ಧ ಮೇಲ್ಮನವಿ ಸಲ್ಲಿಸುವ ಬಗ್ಗೆ
(ಟಿ. ದಾಸರಹಳ್ಳಿ ಮತ್ತು ಸುತ್ತಲಿನ ನಿವಾಸಿಗಳ ಮಾಹಿತಿಗಾಗಿ)

ಬಡತನ ರೇಖೆಗಿಂತ ಕೆಳಗಿರುವ ಕುಟುಂಬದ ಆಧಾರಸ್ತಂಭವಾಗಿದ್ದ ವ್ಯಕ್ತಿಯು 18ರಿಂದ 59 ವರ್ಷ ವಯಸ್ಸಿನೊಳಗೆ ಮರಣ ಹೊಂದಿದಲ್ಲಿ, ಆ ಕುಟುಂಬಕ್ಕೆ ಒಂದೇ ಬಾರಿಗೆ ರೂ. 20,000 ನೆರವು ನೀಡಲಾಗುತ್ತದೆ. ಕೇಂದ್ರ ಸರ್ಕಾರವು 1995ರ ಆಗಸ್ಟ್ 15ರಂದು ಜಾರಿಗೆ ತಂದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಅಂಗವಾಗಿರುವ ಈ ಯೋಜನೆಯಲ್ಲಿ ಹಿಂದೆ ರೂ. 10,000 ನೀಡಲಾಗುತ್ತಿದ್ದು, 2012ರಲ್ಲಿ ಮೊತ್ತವನ್ನು ಹೆಚ್ಚಿಸಲಾಯಿತು. ಮರಣವು ಸಹಜವಾಗಿರಲಿ, ಅಪಘಾತದಿಂದ ಆಗಿರಲಿ, ಮೊತ್ತದಲ್ಲಿ ವ್ಯತ್ಯಾಸವಿಲ್ಲ. ಮಾಸಿಕ ವಿಧವಾ ವೇತನವು ಬೇರೆ ಯೋಜನೆಯಾಗಿದ್ದು, ಅದಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.

ಹಿಂಬರಹ ಪಡೆಯುವುದು

ಅರ್ಜಿಯನ್ನು ತಿರಸ್ಕರಿಸಿದಲ್ಲಿ ಅದರ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಇದನ್ನು ಕಚೇರಿಗಳಲ್ಲಿ ಹಿಂಬರಹ ಎನ್ನಲಾಗುತ್ತದೆ. "ಆಗುವುದಿಲ್ಲ", "ಇನ್ನೊಮ್ಮೆ ಬನ್ನಿ" ಎಂಬ ಬಾಯಿಮಾತಿನ ಉತ್ತರವು ತಿರಸ್ಕಾರದ ಆದೇಶವಲ್ಲ. ಅದನ್ನೇ ಆದೇಶವೆಂದು ನಂಬಿ ಮನೆಗೆ ಮರಳಿದ ಕುಟುಂಬಗಳೇ ಹೆಚ್ಚು ನಷ್ಟಕ್ಕೆ ಒಳಗಾಗುತ್ತವೆ. ಅರ್ಜಿ ಸಲ್ಲಿಸಿದಾಗ ದೊರೆತ ಸ್ವೀಕೃತಿಯಲ್ಲಿ ಸಕಾಲ ಯೋಜನೆಯ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ. ಸದರಿ ಸಂಖ್ಯೆಯನ್ನು ಉಲ್ಲೇಖಿಸಿ ಹಿಂಬರಹವನ್ನು ಕೋರಬೇಕು. ನಿಗದಿತ ಅವಧಿ ಕಳೆದರೂ ಯಾವುದೇ ಉತ್ತರ ಬಾರದಿದ್ದಲ್ಲಿ, ಹಿಂಬರಹಕ್ಕಾಗಿ ಕಾಯದೆ ವಿಳಂಬದ ವಿರುದ್ಧವೇ ಮೇಲ್ಮನವಿ ಸಲ್ಲಿಸಬಹುದಾಗಿದೆ.

ಕಾರಣವನ್ನು ಓದಿ ಉತ್ತರಿಸುವುದು

ಮೇಲ್ಮನವಿಯಲ್ಲಿ ಕುಟುಂಬದ ಕಷ್ಟವನ್ನು ದೀರ್ಘವಾಗಿ ವಿವರಿಸುವುದಕ್ಕಿಂತ, ಹಿಂಬರಹದಲ್ಲಿ ಕೊಟ್ಟ ಕಾರಣಕ್ಕೆ ದಾಖಲೆಯಿಂದ ಉತ್ತರಿಸುವುದು ಸೂಕ್ತ.

ಮೃತರು ಗೃಹಿಣಿಯಾಗಿದ್ದು, ಆದಾಯ ಗಳಿಸುತ್ತಿರಲಿಲ್ಲ ಎಂಬ ಕಾರಣ ನೀಡಿದ್ದಲ್ಲಿ ಅವಶ್ಯವಾಗಿ ಮೇಲ್ಮನವಿ ಸಲ್ಲಿಸಬೇಕು. ಯೋಜನೆಯ ಕೇಂದ್ರ ಮಾರ್ಗಸೂಚಿಯಂತೆ ಮನೆಯನ್ನು ನಿರ್ವಹಿಸುವ ಗೃಹಿಣಿಯೂ ಕುಟುಂಬದ ಆಧಾರಸ್ತಂಭವೆಂದೇ ಪರಿಗಣಿಸಲ್ಪಡುತ್ತಾರೆ. ಈ ಅಂಶವು ಅನೇಕರಿಗೆ ತಿಳಿದಿಲ್ಲವಾದ್ದರಿಂದ, ಪತ್ನಿಯನ್ನು ಕಳೆದುಕೊಂಡವರು ಅರ್ಜಿಯನ್ನೇ ಸಲ್ಲಿಸದಿರುವುದೂ ಉಂಟು. ಅದೇ ರೀತಿ, ಮೃತರು ಅವಿವಾಹಿತರಾಗಿದ್ದಲ್ಲಿ ಅವರನ್ನು ಅವಲಂಬಿಸಿದ್ದ ತಂದೆ ತಾಯಿ ಹಾಗೂ ಅಪ್ರಾಪ್ತ ವಯಸ್ಸಿನ ಸಹೋದರ ಸಹೋದರಿಯರು ಕುಟುಂಬದ ವ್ಯಾಪ್ತಿಗೆ ಬರುತ್ತಾರೆ.

ವಯಸ್ಸಿನ ಬಗ್ಗೆ ಆಕ್ಷೇಪಣೆ ಇದ್ದಲ್ಲಿ ಶಾಲಾ ವರ್ಗಾವಣೆ ಪತ್ರ, ಮತದಾರರ ಗುರುತಿನ ಚೀಟಿ ಮುಂತಾದ ಪ್ರತ್ಯೇಕ ದಾಖಲೆಯನ್ನು ಲಗತ್ತಿಸಬೇಕು. ಮರಣ ಪ್ರಮಾಣ ಪತ್ರವನ್ನು ಮರಣ ಸಂಭವಿಸಿದ ಸ್ಥಳದ ನೋಂದಣಾಧಿಕಾರಿಯಿಂದಲೇ ಪಡೆಯಬೇಕಾಗುತ್ತದೆ. ದಾಸರಹಳ್ಳಿಯ ನಿವಾಸಿಯು ನಗರದ ಬೇರೆ ಭಾಗದ ಆಸ್ಪತ್ರೆಯಲ್ಲಿ ನಿಧನರಾಗಿದ್ದಲ್ಲಿ ನೋಂದಣಿಯು ಆ ಭಾಗದಲ್ಲಿಯೇ ಆಗಿರುತ್ತದೆ.

ಈ ಪ್ರದೇಶದಲ್ಲಿ ವಿಳಾಸದ ವ್ಯತ್ಯಾಸಕ್ಕೆ ವಿಶೇಷ ಗಮನ ನೀಡಬೇಕು. ಟಿ. ದಾಸರಹಳ್ಳಿಯು 2007ರವರೆಗೆ ಪ್ರತ್ಯೇಕ ನಗರಸಭೆಯಾಗಿತ್ತು. ಅನಂತರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2025ರಲ್ಲಿ ಆ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ರಚನೆಯಾದವು. ಆದುದರಿಂದ ಒಂದೇ ಮನೆಯ ದಾಖಲೆಗಳಲ್ಲಿ ಮೂರು ಬಗೆಯ ವಿಳಾಸಗಳು ಕಂಡುಬರಬಹುದು. ಇವು ಒಂದೇ ಸ್ಥಳವೆಂದು ಮೇಲ್ಮನವಿಯಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯಲು ಇತರ ಜಿಲ್ಲೆಗಳಿಂದ ಬಂದು ಬಾಡಿಗೆ ಮನೆಯಲ್ಲಿರುವ ಕುಟುಂಬಗಳ ತೊಂದರೆ ಇನ್ನೂ ಹೆಚ್ಚಿನದು: ಪಡಿತರ ಚೀಟಿ ಸ್ವಂತ ಊರಿನದಾಗಿದ್ದು, ವಾಸ ಇಲ್ಲಿಯದಾಗಿರುತ್ತದೆ. ಇಂತಹವರು ಬಾಡಿಗೆ ಕರಾರು, ಅಡುಗೆ ಅನಿಲ ಸಂಪರ್ಕದ ಪುಸ್ತಕ, ಮಕ್ಕಳ ಶಾಲೆಯ ದೃಢೀಕರಣ ಮುಂತಾದ ವಾಸದ ದಾಖಲೆಗಳನ್ನು ಲಗತ್ತಿಸಿ, ಗ್ರಾಮ ಆಡಳಿತ ಅಧಿಕಾರಿಯಿಂದ ಮರು ಸ್ಥಳ ಪರಿಶೀಲನೆ ನಡೆಸುವಂತೆ ಕೋರಬಹುದು.

ಮೇಲ್ಮನವಿಯ ಅವಧಿ ಮತ್ತು ಪ್ರಾಧಿಕಾರ

2012ರ ಏಪ್ರಿಲ್‌ನಿಂದ ಅನುಷ್ಠಾನದಲ್ಲಿರುವ ಸಕಾಲ ಅಧಿನಿಯಮದ ಮೇರೆಗೆ, ತಿರಸ್ಕಾರದ ದಿನಾಂಕದಿಂದ ಅಥವಾ ನಿಗದಿತ ಅವಧಿ ಮುಗಿದ ದಿನಾಂಕದಿಂದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ತಡವಾದಲ್ಲಿ ಅದಕ್ಕೆ ಸೂಕ್ತ ಕಾರಣವನ್ನು ಬರೆದುಕೊಡಬೇಕು. ಟಿ. ದಾಸರಹಳ್ಳಿಯು ಬೆಂಗಳೂರು ಉತ್ತರ ತಾಲ್ಲೂಕಿಗೆ ಸೇರಿದ್ದು, ತಹಶೀಲ್ದಾರರ ಆದೇಶದ ಮೇಲೆ ಸಾಮಾನ್ಯವಾಗಿ ಉಪವಿಭಾಗಾಧಿಕಾರಿಯವರು ಸಕ್ಷಮ ಅಧಿಕಾರಿಯಾಗಿರುತ್ತಾರೆ. ಅವರ ತೀರ್ಮಾನವೂ ಒಪ್ಪಿಗೆಯಾಗದಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೆಯ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ವಿಳಂಬವು ಸಾಬೀತಾದಲ್ಲಿ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ದೊರೆಯುತ್ತದೆ. ಮೊತ್ತ ಅಲ್ಪವಾದರೂ, ಅದು ತಡಮಾಡಿದವರ ಹೊಣೆಯನ್ನು ದಾಖಲೆಗೆ ತರುತ್ತದೆ.

ಮೇಲ್ಮನವಿಯೊಂದಿಗೆ ಮೂಲ ದಾಖಲೆಗಳನ್ನು ಕೊಡದೆ ಪ್ರತಿಗಳನ್ನು ಮಾತ್ರ ಕೊಡಬೇಕು. ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ತಿರಸ್ಕಾರಕ್ಕೆ ಆಧಾರವಾದ ಸ್ಥಳ ಪರಿಶೀಲನಾ ವರದಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೇಳಿ ಪಡೆಯಬಹುದಾಗಿದ್ದು, ಬಡತನ ರೇಖೆಗಿಂತ ಕೆಳಗಿರುವವರು ಇದಕ್ಕೆ ಅರ್ಜಿ ಶುಲ್ಕ ನೀಡಬೇಕಾಗಿಲ್ಲ. ಆದರೆ ಆ ಉತ್ತರಕ್ಕೆ 30 ದಿನಗಳ ಕಾಲಾವಕಾಶ ಇರುವುದರಿಂದ, ವರದಿ ಕೈಸೇರುವವರೆಗೆ ಮೇಲ್ಮನವಿಯನ್ನು ತಡೆಹಿಡಿಯಬಾರದು. ಮೊದಲು ಮೇಲ್ಮನವಿಯನ್ನು ಸಲ್ಲಿಸಿ, ವರದಿ ದೊರೆತ ಮೇಲೆ ಹೆಚ್ಚುವರಿ ಹೇಳಿಕೆಯೊಂದಿಗೆ ಹಾಜರುಪಡಿಸಬಹುದು.